ಹನ್ನೊಂದು ರೆಕಾರ್ಡುಗಳ ಅಕ್ಕ

ನಾನು ಮೊದಲ ಸಾಲು ಹಾಡಿದ ಕೂಡಲೇ ಪಿಯಾನೋ ಮುಂದೆ ಕೂತಿದ್ದವನ ಮುಖ ಬಿಳಿಚಿಕೊಂಡಿತು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ. ಕೆಲಸ ಹುಡುಕಿಕೊಂಡು ಬಂದವಳಿಗೆ ಅಷ್ಟಾದರೂ ಜಂಬ ಬೇಡವೇ?

ಸರೋವರದ ದಂಡೆಯ ರೆಸಾರ್ಟು ಅದು. ಮಧ್ಯಾಹ್ನದ ಊಟ ಮುಗಿದು ಲೌಂಜು ಖಾಲಿಯಾಗಿತ್ತು. ಗಾಜಿನ ಗೋಡೆಯಾಚೆ ನೀರು, ಈಚೆ ಸವೆದ ನೀಲಿ ಕಾರ್ಪೆಟ್ಟು, ಮೂಲೆಯಲ್ಲಿ ಮೊಣಕಾಲೆತ್ತರದ ವೇದಿಕೆ. ಅದರ ಮೇಲೆ ಮೂವರು: ಡ್ರಮ್ಸ್ ಹಿಂದೆ ಒಬ್ಬ ಮುದುಕರು, ಆಳೆತ್ತರದ ಬೇಸ್ ವಾದ್ಯವನ್ನು ಅಪ್ಪಿಕೊಂಡು ನಿಂತ ಒಬ್ಬ ದಪ್ಪನೆಯ ಆಸಾಮಿ, ಮತ್ತು ಇವನು.

ನಾನು ಹಾಡಿದ್ದು ಅವರದೇ ಮೂರನೇ ರೆಕಾರ್ಡಿನ ಹಾಡು. ನನ್ನ ಚಿಕ್ಕಮ್ಮ ಮದುವೆಯಾದ ಹೊಸತರಲ್ಲಿ ಇಲ್ಲಿಗೆ ಬಂದವಳು ರಿಸೆಪ್ಷನ್ನಿನಲ್ಲಿ ಕೊಂಡು ತಂದಿದ್ದಳು. ಗೆರೆ ಸವೆಯುವ ತನಕ ನಾನು ಅದರ ಜೊತೆ ಹಾಡಿದ್ದೆ. ಅವತ್ತೂ ಯಾರನ್ನೂ ಕೇಳದೆ ರೆಕಾರ್ಡಿನಲ್ಲಿದ್ದ ಶ್ರುತಿಗೇ ಎತ್ತಿಕೊಂಡೆ. ಮೂವರೂ ಮುಖ ಮುಖ ನೋಡಿಕೊಂಡರು. ಪಿಯಾನೋದವನ ಕೈ ತಡವರಿಸಿತು, ಸರಿದಾಡಿತು, ಆಮೇಲೆ ಹೇಗೋ ನನ್ನ ಹಿಂದೆ ಬಂತು.

"ಇದೇನಾ ನಿಮ್ಮ ಶ್ರುತಿ?" ಎಂದು ಕೇಳಿದ, ನನ್ನ ಕಡೆ ನೋಡದೆ.

ಅದು ನನ್ನದಲ್ಲ, ರೆಕಾರ್ಡಿನದು. ಆದರೆ ಅಷ್ಟು ಮೇಲೆ ಹೋಗಲಾರೆ ಎಂದರೆ ಕೆಲಸ ತಪ್ಪೀತೆಂಬ ಹೆದರಿಕೆ. "ಹೂಂ" ಎಂದೆ.

"ಹಾಗಾದ್ರೆ ಅಲ್ಲೇ ಇರಲಿ."

ಆ ಒಂದು ಹೂಂ ನನಗೆಷ್ಟು ದುಬಾರಿಯಾಯಿತೆಂದು ಮುಂದೆ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ವಾರದಲ್ಲಿ ಗೊತ್ತಾಯಿತು, ಆ ಬ್ಯಾಂಡು ಒಂದು ಸಂಸಾರ. ಹಾಡುತ್ತಿದ್ದವಳು ತೀರಿಕೊಂಡಿದ್ದಳು. ಡ್ರಮ್ಸ್‌ನ ಮುದುಕರು ಅವಳ ತಂದೆ, ಬೇಸ್‌ನವನು ಅವಳ ಅಣ್ಣ, ಪಿಯಾನೋದವನು ಅವಳ ಗಂಡ. ಅವನು ಮುದುಕರನ್ನು ಮಾವ ಎನ್ನುತ್ತಿದ್ದ, ಬೇಸ್‌ನವನನ್ನು ಭಾವ ಎನ್ನುತ್ತಿದ್ದ. ಹಾಗಾಗಿ ಅಡುಗೆಮನೆಯಿಂದ ಮ್ಯಾನೇಜರ್ ತನಕ ಎಲ್ಲರಿಗೂ ಅವರು ಮಾವ, ಭಾವ. ಎಲ್ಲರ ತಪ್ಪನ್ನೂ ತಿದ್ದುತ್ತಿದ್ದ ಇವನು ಮೇಷ್ಟ್ರು. ಸತ್ತವಳು ಎಲ್ಲರಿಗೂ ಅಕ್ಕ. ನಾನು ಹೊಸಬಳು. ಮೂರನೇ ಸೀಸನ್ ಬಂದರೂ ಹೊಸಬಳೇ.

ಪ್ರತಿ ಸೀಸನ್ನಿನ ಕೊನೆಗೆ ಈ ಬ್ಯಾಂಡು ತಾನು ನುಡಿಸಿದ ಜನಪ್ರಿಯ ಹಾಡುಗಳನ್ನೆಲ್ಲ ಸೇರಿಸಿ ಒಂದು ರೆಕಾರ್ಡು ಮಾಡುತ್ತಿತ್ತು. ಬೇರೆಯವರ ಹಾಡುಗಳು, ಇವರ ಕೈಯಲ್ಲಿ, ಅಕ್ಕನ ದನಿಯಲ್ಲಿ. ಹಾಗೆ ಹನ್ನೊಂದು ರೆಕಾರ್ಡು. ಹನ್ನೊಂದರ ಹೊದಿಕೆಯ ಮೇಲೂ ಅವಳ ಫೋಟೋ. ಅವಳು ಹೋದ ಮೇಲೆ ಮೂರು ಸೀಸನ್ ವೇದಿಕೆ ಖಾಲಿ ಇತ್ತು. ಸಂಜೆಯಾದರೆ ಬಾರ್‌ನವರು ಅವಳ ರೆಕಾರ್ಡನ್ನೇ ಹಾಕುತ್ತಿದ್ದರಂತೆ, ಜನ ಖಾಲಿ ವೇದಿಕೆಯೆದುರು ಕುಣಿಯುತ್ತಿದ್ದರಂತೆ.

ಬ್ಯಾಂಡಿನಲ್ಲಿ ಯಾವ ಹಾಡಿಗೂ ಹೆಸರಿಲ್ಲ, ನಂಬರ್ ಮಾತ್ರ. ಮೇಷ್ಟ್ರು "ಏಳು, ಎ, ಎರಡು" ಎಂದರೆ ಏಳನೇ ರೆಕಾರ್ಡು, ಮೊದಲ ಮಗ್ಗುಲು, ಎರಡನೇ ಹಾಡು. ಹನ್ನೊಂದನ್ನೂ ಒಂದು ಪ್ಲೇಯರನ್ನೂ ನನ್ನ ಕೋಣೆಗೆ ಕಳಿಸಿದರು. ಕೆಲಸಗಾರರ ಸಾಲುಮನೆಯ ಕೊನೆಯ ಕೋಣೆ, ಒಂದು ಮಂಚ, ಒಂದು ಕನ್ನಡಿ. ನಾನು ಬಾಗಿಲು ಹಾಕಿಕೊಂಡು ಸತ್ತವಳಿಂದ ಪಾಠ ಹೇಳಿಸಿಕೊಂಡೆ.

ಹಳೆಯ ರೆಕಾರ್ಡುಗಳಲ್ಲಿ ಒಂದು ದೋಷವಿರುತ್ತದೆ. ಒಂದು ಗೆರೆಯ ದನಿ ಪಕ್ಕದ ಗೆರೆಗೆ ಸೋರುತ್ತದೆ. ಹಾಡು ಶುರುವಾಗುವ ಎರಡು ಸೆಕೆಂಡ್ ಮೊದಲು, ಸೂಜಿಯ ಚರಪರದ ನಡುವೆ, ಅದೇ ಸಾಲು ಬಲು ಸಣ್ಣಗೆ ಕೇಳಿಸುತ್ತದೆ, ಗೋಡೆಯಾಚೆ ಯಾರೋ ಗುನುಗಿದ ಹಾಗೆ. ಆಮೇಲೆ ನಿಜವಾದ ಹಾಡು ಬರುತ್ತದೆ. ಕಾರಣ ಗೊತ್ತಿದ್ದರೂ ನನ್ನ ತೋಳಿನ ಕೂದಲು ನಿಮಿರುತ್ತಿತ್ತು.

ಮೊದಲ ಸೀಸನ್ ಮುಗಿಯುವ ಹೊತ್ತಿಗೆ ಅದು ವೇದಿಕೆಯ ಮೇಲೂ ಕೇಳಿಸತೊಡಗಿತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಸಾಲನ್ನು ಅವಳು ಹಾಡಿರುತ್ತಿದ್ದಳು. ಮೈಕಿನ ಕಂಬ ಅವಳ ಎತ್ತರಕ್ಕೆ ತುಕ್ಕು ಹಿಡಿದು ನಿಂತಿತ್ತು, ಇಳಿಸಲು ಬರುತ್ತಿರಲಿಲ್ಲ. ಗಲ್ಲ ಎತ್ತಿ, ಕತ್ತಿನ ನರ ಬಿಗಿದು, ಅವಳ ಶ್ರುತಿ ಮುಟ್ಟಲು ನಾನು ಒದ್ದಾಡುತ್ತಿದ್ದೆ. ಅಕ್ಕ ಅದೇ ಜಾಗವನ್ನು ರೆಕಾರ್ಡಿನಲ್ಲಿ ಹೂವೆತ್ತಿದಷ್ಟು ಸಲೀಸಾಗಿ ಮುಟ್ಟುತ್ತಿದ್ದಳು.

ಒಂದು ಸಂಜೆ ಬೆಳ್ಳಿಕೂದಲಿನ ಅತಿಥಿಯೊಬ್ಬರು ಐದನೇ ರೆಕಾರ್ಡು ಹಿಡಿದು ವೇದಿಕೆಯ ಬಳಿ ಬಂದರು. "ನೀವು ಸ್ವಲ್ಪವೂ ಬದಲಾಗಿಲ್ಲ ಕಣಮ್ಮ. ಒಂದು ಸೈನ್ ಮಾಡಿಕೊಡಿ."

ಹೊದಿಕೆಯ ಮೇಲಿನ ಫೋಟೋ ನನ್ನನ್ನೇ ನೋಡುತ್ತಿತ್ತು. ನಾನಲ್ಲ ಎಂದರೆ ಆ ತಾಯಿಗೆ ಸಾವಿನ ಸುದ್ದಿ ಹೇಳಬೇಕು. "ಪ್ರೀತಿಯಿಂದ" ಎಂದಷ್ಟೇ ಬರೆದು ಕೊಟ್ಟೆ. ತಿರುಗಿ ನೋಡಿದರೆ ಪಿಯಾನೋ ಮುಂದಿನ ಕುರ್ಚಿ ಖಾಲಿ. ಮೇಷ್ಟ್ರು ಎದ್ದು ಹೊರಗೆ ಹೋಗಿ ನೀರಿನ ಕಡೆ ಮುಖ ಮಾಡಿ ನಿಂತಿದ್ದ.

ಅವನು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ನಾನು ಹಾಡುವಷ್ಟು ಹೊತ್ತೂ ತಲೆ ಬಗ್ಗಿಸಿ ಬೆರಳುಗಳನ್ನೇ ನೋಡಿಕೊಂಡಿರುತ್ತಿದ್ದ. ಕಣ್ಣು ಮುಚ್ಚಿದರೆ ಅಕ್ಕ, ತೆರೆದರೆ ನಾನು. ಆ ನಿರಾಸೆ ಬೇಡವೆಂದು ಹೀಗೆ ಕೂರುತ್ತಾನೆ ಎಂದು ನಾನು ಲೆಕ್ಕ ಹಾಕಿದೆ.

ಆದರೆ ಹಾಡು ಮುಗಿಸಿ ಹಿಂದೆ ಸರಿದಾಗ ನನ್ನ ಕಾಲ ಬಳಿ ಬಿಸಿನೀರಿನ ಫ್ಲಾಸ್ಕ್ ಇರುತ್ತಿತ್ತು. ಯಾರಿಟ್ಟರೆಂದು ಯಾರೂ ಹೇಳುತ್ತಿರಲಿಲ್ಲ. ಭಾವ ಮಾತ್ರ ಬೇಸ್ ಹಿಂದಿನಿಂದ ಹುಬ್ಬು ಕುಣಿಸುತ್ತಿದ್ದ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ತಾನೇ ಪಿಯಾನೋ ಶ್ರುತಿ ಮಾಡುತ್ತಿದ್ದ. ಎರಡನೇ ಸೀಸನ್ನಿನಲ್ಲಿ ಒಂದು ದಿನ ಕಾಫಿ ಹಿಡಿದು ಹಾದುಹೋಗುತ್ತಿದ್ದ ನನ್ನನ್ನು ಕರೆದ.

"ಸ್ವಲ್ಪ ಇಲ್ಲಿ ಕೂತು ಹೊಡೀತೀರಾ?"

"ಯಾರನ್ನ?"

"ಕಪ್ಪು ಮನೆ. ಎಡದಿಂದ ಮೂರನೇದು."

ಪಿಯಾನೋದ ಒಂದೊಂದು ಪಟ್ಟಿಗೂ ನಾವು ಮನೆ ಎನ್ನುತ್ತೇವೆ, ಕಪ್ಪು ಮನೆ, ಬಿಳಿ ಮನೆ. ನಾನು ಒತ್ತಿದೆ. ಅವನು ಪೆಟ್ಟಿಗೆಯೊಳಗೆ ತಲೆ ತೂರಿಸಿ ತಂತಿ ಬಿಗಿದ.

"ಇನ್ನೊಂದ್ಸಲ."

"ಮೇಷ್ಟ್ರೇ, ನಿಮಗೆ ನಗೋಕೆ ಬರುತ್ತಾ?"

"ಬರುತ್ತೆ. ಅಭ್ಯಾಸ ತಪ್ಪಿದೆ."

"ನಾನು ಹೇಳಿಕೊಡ್ಲಾ? ವಾರಕ್ಕೆರಡು ಕ್ಲಾಸು ಸಾಕು."

"ಮನೆ ಒತ್ತಿ."

ಆದರೆ ಪೆಟ್ಟಿಗೆಯೊಳಗಿಂದ ಬಂದ ದನಿ ಸ್ವಲ್ಪ ನಡುಗಿತ್ತು. ನಗು ತಡೆದುಕೊಂಡವರ ದನಿ ಹಾಗೆ ನಡುಗುತ್ತದೆ. ಬಗ್ಗಿದ ಕತ್ತಿನ ಹಿಂದೆ, ಕಾಲರಿನ ಅಂಚಿನಲ್ಲಿ, ಒಂದು ಸಣ್ಣ ಮಚ್ಚೆ ಕಂಡಿತು. ಕಿವಿಯ ತುದಿ ಕೆಂಪಗಾಗಿತ್ತು. ಅಲ್ಲಿಂದ ಮುಂದೆ ಪ್ರತಿ ಸೋಮವಾರ ನನ್ನ ಕಾಫಿಯ ದಾರಿ ಲೌಂಜಿನ ಮೂಲಕವೇ ಆಯಿತು.

ಪ್ರೀತಿಯಾಯಿತು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಹಗಲು ಪೂರ್ತಿ ನನ್ನವನು ಎನಿಸಿದ ಮನುಷ್ಯ ಸಂಜೆ ಮೈಕ್ ಹಚ್ಚಿದ ಕೂಡಲೇ ಅವಳವನಾಗುತ್ತಿದ್ದ. ಬದುಕಿರುವ ಸವತಿಯಾದರೆ ಕೂದಲು ಹಿಡಿದು ಜಗಳವಾಡಬಹುದು. ಗೆರೆಯೊಳಗೆ ಕೂತವಳ ಜೊತೆ ಏನು ಮಾಡುವುದು?

ಮೂರನೇ ಸೀಸನ್ನಿನ ನಡುವೆ ಗಂಟಲು ಕೈಕೊಟ್ಟಿತು. ಬೆಳಿಗ್ಗೆ ಎದ್ದರೆ ಮಾತು ಕರಕರ ಎನ್ನುತ್ತಿತ್ತು. ಯಾರಿಗೂ ಹೇಳದೆ ಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಆಕೆ ಕನ್ನಡಿ ಇಟ್ಟು ನೋಡಿ ಪೆನ್ನು ಕೆಳಗಿಟ್ಟರು.

"ನಿಮ್ಮದಲ್ಲದ ಎತ್ತರಕ್ಕೆ ದಿನಾ ಹಾಡ್ತಿದೀರಿ. ಒಳಗೆ ಗಂಟು ಕಟ್ಟಿದೆ. ಸೀಸನ್ ಮುಗಿದ ಮಾರನೇ ದಿನದಿಂದ ಆರು ವಾರ ಒಂದು ಮಾತೂ ಆಡಬಾರದು. ಪಿಸುಗುಟ್ಟೋದೂ ಬೇಡ."

"ಆಮೇಲೆ ಸರಿಹೋಗುತ್ತಾ?"

"ಹೋಗಬಹುದು. ಹೋಗದೇ ಇರಬಹುದು. ಈಗಿನಿಂದಲೇ ಶ್ರುತಿ ಇಳಿಸಿ."

ಅದೇ ವಾರ ಮ್ಯಾನೇಜರ್ ಸುದ್ದಿ ತಂದರು. ಲೌಂಜನ್ನು ಒಡೆದು ಹೊಸದಾಗಿ ಕಟ್ಟುತ್ತಾರೆ. ಅದಕ್ಕೂ ಮೊದಲು ಹನ್ನೆರಡನೇ ರೆಕಾರ್ಡು, ಕೊನೆಯದು. ಹನ್ನೊಂದರಲ್ಲಿ ಆರಿಸಿದ ಹಾಡುಗಳು, ನನ್ನ ದನಿಯಲ್ಲಿ. "ಹಳೇದರ ಥರಾನೇ ಬರಬೇಕು. ಜನ ವ್ಯತ್ಯಾಸ ಕಂಡುಹಿಡೀಬಾರದು" ಎಂದರು. ನನ್ನ ಮೊದಲ ರೆಕಾರ್ಡು, ಅದರಲ್ಲಿ ನಾನಿರಬಾರದು.

ಮಾರನೇ ಸೋಮವಾರ ಕಾಫಿ ಇಲ್ಲದೆಯೇ ಹೋದೆ.

"ಮೇಷ್ಟ್ರೇ, ರೆಕಾರ್ಡಿಂಗ್‌ಗೆ ಒಂದು ಮನೆ ಇಳಿಸೋಣ."

ತಂತಿಯ ಮೇಲಿದ್ದ ಅವನ ಕೈ ನಿಂತಿತು. "ಬೇಡ."

"ಒಂದೇ ಒಂದು ಮನೆ. ಕೇಳೋರಿಗೆ ಗೊತ್ತೂ ಆಗಲ್ಲ."

"ನನಗೆ ಗೊತ್ತಾಗುತ್ತೆ. ಬೇರೆ ಏನು ಬೇಕಾದ್ರೂ ಕೇಳಿ. ಅದೊಂದು ಬೇಡ."

"ಯಾಕೆ?"

ಅವನು ಬೆರಳಿನಿಂದ ಪಟ್ಟಿಯ ಮೇಲಿಲ್ಲದ ಧೂಳನ್ನು ಒರೆಸಿದ.

"ಅವರು ಹೋಗಿ ಆರು ವರ್ಷ ಆಯ್ತು. ನಾನು ಇಲ್ಲೇ ಇದೀನಿ, ನಿಮ್ಮ ಎಡಗಡೆ, ಮೂರು ಹೆಜ್ಜೆ ದೂರದಲ್ಲಿ. ಒಂದು ಸಲ ತಿರುಗಿ ನೋಡಿದ್ರೆ ಕತ್ತೇನೂ ಉಳುಕಲ್ಲ."

ಅಂದುಬಿಟ್ಟೆ. ಅವನು ತಲೆ ಎತ್ತಿದ, ಮತ್ತೆ ತಂತಿಯ ಮೇಲೆ ಬಗ್ಗಿದ. ಡಾಕ್ಟರ ಮಾತನ್ನು ಹೇಳಿಬಿಡಬಹುದಿತ್ತು. ಹೇಳಿ ಕರುಣೆ ಗಿಟ್ಟಿಸಿಕೊಳ್ಳಲು ಮನಸ್ಸಾಗಲಿಲ್ಲ. ರೆಕಾರ್ಡಿಂಗ್ ಮುಗಿಸಿ, ಚಿಕ್ಕಮ್ಮನ ಮನೆಗೆ ಹೋಗಿ, ಮತ್ತೆ ಇತ್ತ ತಲೆ ಹಾಕಬಾರದೆಂದು ಅವತ್ತೇ ನಿರ್ಧರಿಸಿದೆ. ಬಟ್ಟೆಗಳೂ ಪೆಟ್ಟಿಗೆ ಸೇರಿದವು.

ರೆಕಾರ್ಡಿಂಗ್ ಯಾವಾಗಲೂ ಸೀಸನ್ನಿನ ಕೊನೆಯ ದಿನ, ಲೌಂಜಿನಲ್ಲೇ, ಊಟಕ್ಕೂ ಟೀಗೂ ನಡುವಿನ ಎರಡು ಗಂಟೆಯಲ್ಲಿ. ಗಾಜಿನ ಗೋಡೆಗೆ ಕಂಬಳಿ ಇಳಿಬಿಡುತ್ತಾರೆ. ಐಸ್ ಯಂತ್ರ ಆರಿಸುತ್ತಾರೆ. ಗಡಿಯಾರದ ಸೆಲ್ ತೆಗೆಯುತ್ತಾರೆ. ಹನ್ನೊಂದನ್ನೂ ರೆಕಾರ್ಡ್ ಮಾಡಿದ್ದ ಇನ್ನೊಬ್ಬ ಮುದುಕರೇ ಈ ಸಲವೂ ಅದೇ ಟೇಪ್ ಯಂತ್ರ ತಂದಿದ್ದರು. ಭಾವ ಅವರನ್ನು ಟೇಪಜ್ಜ ಎನ್ನುತ್ತಿದ್ದ.

ಒಂದು ಸಲ ಸುಮ್ಮನೆ ಹಾಡಿ ನೋಡೋಣವೆಂದರು. ಮೂರನೇ ರೆಕಾರ್ಡಿನ ಹಾಡು ಎತ್ತಿಕೊಂಡೆ. ಎರಡನೇ ಸಾಲಿಗೆ ಟೇಪಜ್ಜ ಹೆಡ್‌ಫೋನ್ ತೆಗೆದು ಕೈ ಎತ್ತಿದರು.

"ಇದೇನಮ್ಮ, ಕೋಳಿ ಕತ್ತು ಹಿಸುಕಿದ ಹಾಗೆ. ಇಷ್ಟು ಮೇಲೆ ಯಾಕೆ ಹಾಡ್ತಿದೀಯ?"

"ಅಕ್ಕನ ಶ್ರುತಿ ಅದು" ಎಂದೆ. ಎಲ್ಲರೆದುರು ಆ ಹೆಸರು ಹೇಳಿದ್ದು ಅದೇ ಮೊದಲು.

"ಯಾರು ಹೇಳಿದ್ದು?"

"ರೆಕಾರ್ಡೇ ಹೇಳುತ್ತಲ್ಲ."

ಟೇಪಜ್ಜ ನಗಲು ಹೊರಟವರು ಮೂವರ ಮುಖ ನೋಡಿ ನಿಲ್ಲಿಸಿದರು. "ಇವಳಿಗೆ ನೀವ್ಯಾರೂ ಹೇಳಿಲ್ವಾ? ಅಮ್ಮಾ, ಆಗ ಮಧ್ಯಾಹ್ನ ಇಲ್ಲಿ ಜನರೇಟರ್ ಓಡ್ತಿತ್ತು. ಲಾಂಡ್ರಿ ಯಂತ್ರಗಳು ಶುರುವಾದ್ರೆ ಅದಕ್ಕೆ ಏದುಸಿರು. ಅದರ ಜೊತೆ ನನ್ನ ಟೇಪೂ ನಿಧಾನ ತಿರುಗೋದು. ನಿಧಾನ ತಿರುಗಿದ ಟೇಪನ್ನ ಫ್ಯಾಕ್ಟರೀಲಿ ಸರಿಯಾದ ವೇಗಕ್ಕೆ ಹಾಕಿದ್ರೆ ದನಿ ಒಂದು ಮನೆ ಮೇಲೆ ಹೋಗುತ್ತೆ. ಹನ್ನೊಂದೂ ಹಾಗೇ ಆಗಿರೋದು. ಮೊದಲನೇದು ಕೇಳಿ ಆ ಹುಡುಗಿ, ಇದ್ಯಾರು ನನ್ನ ತಂಗಿನಾ, ಅಂದಳು. ಆಮೇಲೆ ವಯಸ್ಸು ಕಮ್ಮಿ ಕೇಳಿಸುತ್ತೆ ಅಂತ ಅವಳೇ ಸರಿ ಮಾಡೋಕೆ ಬಿಡಲಿಲ್ಲ."

ಮೂರು ವರ್ಷ ನಾನು ಅಟ್ಟಿಸಿಕೊಂಡು ಹೋದ ದನಿಯಲ್ಲಿ ಯಾರೂ ಯಾವತ್ತೂ ಹಾಡಿರಲಿಲ್ಲ.

ಮ್ಯಾನೇಜರ್ ಮಾದರಿಗೆಂದು ತರಿಸಿದ್ದ ಹಳೆಯ ಟೇಪು ಪೆಟ್ಟಿಗೆಯಲ್ಲೇ ಇತ್ತು. ಟೇಪಜ್ಜ ಮಾವನ ಕಡೆ ನೋಡಿದರು. ಮಾವ ತಲೆಯಾಡಿಸಿದರು. ಚಕ್ರ ತಿರುಗಿತು, ಟೇಪಜ್ಜ ವೇಗದ ಗುಬುಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರು, ಅಕ್ಕ ಹಾಡಿದಳು.

ಅಗಲವಾದ ದನಿ. ಅವಸರವಿಲ್ಲದ್ದು, ಸಾಲಿನ ತುದಿಗೆ ತುಸು ಒಡೆಯುವಂಥದ್ದು. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು ಕೂತ ಹೆಂಗಸಿನ ದನಿ. ನನ್ನದಕ್ಕೂ ಅದಕ್ಕೂ ಎಳ್ಳಷ್ಟೂ ಹೋಲಿಕೆಯಿಲ್ಲ. ಹಾಡು ಮುಗಿದು, ಒಂದು ಸಣ್ಣ ಕೆಮ್ಮು, ಆಮೇಲೆ ಅವಳ ಮಾತು: "ಸಾಕಾ? ನನಗೆ ಹಸಿವಾಗ್ತಿದೆ."

ಟೇಪು ಖಾಲಿ ಸುತ್ತುತ್ತಿತ್ತು.

"ಅವಳಿಗೆ ಯಾವಾಗ್ಲೂ ಹಸಿವು" ಎಂದರು ಮಾವ. ಭಾವ ಬೇಸ್‌ನ ಹಿಂದೆ ಮುಖ ಮರೆಸಿಕೊಂಡ. ಮೇಷ್ಟ್ರು ಮುಖ ಮರೆಸಿಕೊಳ್ಳಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳದೆ ಕೂತಿದ್ದ.

"ನಾವಿಬ್ಬರೂ ಒಂದೇ ಥರ ಇಲ್ಲ" ಎಂದೆ ನಾನು, ನನಗೇ ಹೇಳಿಕೊಂಡ ಹಾಗೆ.

"ಯಾವತ್ತೂ ಇರಲಿಲ್ಲ" ಎಂದ ಅವನು.

"ಮತ್ತೆ ಇಳಿಸೋಣ ಅಂದಾಗ ಬೇಡ ಯಾಕಂದ್ರಿ?"

ಅವನು ಪಟ್ಟಿಯ ಮೇಲೆ ಕೈ ಇಟ್ಟ, ಒತ್ತಲಿಲ್ಲ. "ಒಂದು ಮನೆ ಕೆಳಗೆ ಇರೋದೇ ಅವಳ ನಿಜವಾದ ಶ್ರುತಿ. ಹನ್ನೊಂದು ಸೀಸನ್ ನನ್ನ ಕೈ ಅಲ್ಲೇ ಇತ್ತು. ನೀವು ಬಂದ ದಿನ ಒಂದು ಮನೆ ಮೇಲೆ ಎತ್ತಿಕೊಂಡ್ರಿ. ಇದೇನಾ ನಿಮ್ಮ ಶ್ರುತಿ ಅಂದೆ, ಹೂಂ ಅಂದ್ರಿ. ಎಲ್ಲ ಹಾಡನ್ನೂ ಹೊಸದಾಗಿ ಕಲಿತೆ. ಕೆಳಗೆ ಹೋದ್ರೆ ನನ್ನ ಕೈ ತಾನಾಗೇ ಅವಳಿಗೆ ನುಡಿಸುತ್ತೆ. ನಿಮಗೆ ನುಡಿಸೋಕೆ ಅಂತಾನೇ ಇಲ್ಲಿ ಉಳಿದೆ."

ಅವನು ನನ್ನ ದನಿಯಲ್ಲಿ ಅವಳನ್ನು ಹುಡುಕುತ್ತಿದ್ದಾನೆಂದು ನಾನು ಉರಿದುಕೊಂಡಿದ್ದೆ. ಅವನೋ ಅವಳು ಬಾರದಿರಲೆಂದು ಮೂರು ವರ್ಷ ಬಾಗಿಲು ಹಿಡಿದು ನಿಂತಿದ್ದ.

"ನನ್ನ ಕಡೆ ನೋಡ್ತಾನೇ ಇರಲಿಲ್ಲ ನೀವು."

"ಹೊಸ ಶ್ರುತಿ. ಕೈ ನೋಡ್ಕೊಳ್ಳದಿದ್ರೆ ತಪ್ಪುತ್ತೆ."

"ಮೂರು ವರ್ಷ ಆದ್ರೂನಾ?" ಎಂದ ಭಾವ, ಮೂಗು ಒರೆಸಿಕೊಳ್ಳುತ್ತ.

"ಮೊದಲನೇ ವರ್ಷ ಅದಕ್ಕೆ" ಎಂದ ಮೇಷ್ಟ್ರು. ಕಿವಿ ಕೆಂಪಾಗುತ್ತಿತ್ತು. "ಆಮೇಲಾಮೇಲೆ ನೋಡಿದ್ರೇ ತಪ್ಪುತ್ತಿತ್ತು."

ನನಗೆ ನಗು ಬಂತು, ಅಳುವೂ ಬಂತು, ಎರಡೂ ಗಂಟಲಲ್ಲಿ ಚುಚ್ಚಿದವು. ಆಗ ಡಾಕ್ಟರ ಮಾತನ್ನೆಲ್ಲ ಹೇಳಿದೆ. ಗಂಟು, ಆರು ವಾರ, ಬರಬಹುದು, ಬಾರದೆಯೂ ಇರಬಹುದು. ಅವನು ದಡಕ್ಕನೆ ಎದ್ದು ನಿಂತ.

"ನನಗೆ ಹೇಳಬಾರದಿತ್ತಾ?"

"ನೀವು ಕೇಳಬಾರದಿತ್ತಾ?"

ಇಬ್ಬರೂ ಸೋತವರ ಹಾಗೆ ನಿಂತೆವು. ಮಾವ ಬ್ರಷ್ಷಿನಿಂದ ಡ್ರಮ್ಮಿನ ಮೇಲೆ ಒಮ್ಮೆ ತಟ್ಟಿದರು. "ಅಳಿಯಂದ್ರೇ, ನಾವ್ಯಾರೂ ಈ ಹುಡುಗೀನ ಸರಿಯಾಗಿ ಕೇಳೇ ಇಲ್ಲ. ಇವಳ ಶ್ರುತಿ ಎಲ್ಲಿದೆ ಹುಡುಕಿ. ಟೀ ಹೊತ್ತಾಗುತ್ತೆ."

ಅವನು ಕೂತ. ಪಟ್ಟಿ ಒತ್ತಿದ. "ಇಲ್ಲಿಂದ ಇಳೀತೀನಿ. ಆರಾಮಾದ ಕಡೆ ಹೇಳಿ."

ನಾನು ಸಣ್ಣಗೆ ಗುನುಗಿದೆ. ಒಂದು ಮನೆ ಇಳಿದ. ಅಕ್ಕನ ಮನೆ ಅದು. ಅವನ ಬೆರಳು ಅಲ್ಲಿ ಒಂದು ಗಳಿಗೆ ಹೆಚ್ಚಿಗೆ ನಿಂತಿತು. ನಮ್ಮ ಐದು ಜನರ ಜೊತೆ ಇನ್ನೊಬ್ಬರು ಉಸಿರು ಹಿಡಿದು ನಿಂತಿದ್ದಾರೆನಿಸಿತು. ಕಂಬಳಿಯ ಅಂಚು ಅಲುಗಿತು. ಕಿಟಕಿ ಮುಚ್ಚಿಯೇ ಇತ್ತು.

"ಇಲ್ಲ. ಇನ್ನೂ ಕೆಳಗೆ" ಎಂದೆ.

ಇಳಿದ. "ಇಲ್ಲಾ?"

"ಇನ್ನೂ."

"ಇಲ್ಲಿ?"

"ಹತ್ತಿರ ಬಂದ್ರಿ."

"ಆಟ ಆಡಿಸ್ತಿದೀಯಾ?"

ಮೂರು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ನೀನು ಬಂದಿತ್ತು. ಅವನಿಗದು ಗೊತ್ತಾಗಲಿಲ್ಲ, ಭಾವನಿಗೆ ಗೊತ್ತಾಯಿತು. ಇನ್ನೊಂದು ಮನೆ ಇಳಿದ. ನಾನು ಸಾಲು ಎತ್ತಿಕೊಂಡೆ. ಗಲ್ಲ ತಾನಾಗಿ ಕೆಳಗಿಳಿಯಿತು, ಹೆಗಲು ಸಡಿಲಾಯಿತು, ಗಂಟಲಿನ ಗಾಯದ ಕೆಳಗಿಂದ, ಎದೆಯೊಳಗಿಂದ, ನಾನೇ ಕೇಳಿರದ ಒಂದು ದನಿ ಬಂತು. ಸ್ವಲ್ಪ ಒರಟು, ಆದರೆ ನನ್ನದು.

"ಇಲ್ಲಿ" ಎಂದೆ.

ಅವನು ತಲೆ ಎತ್ತಿ ನೋಡಿದ. ಕಣ್ಣು ನೆಟ್ಟಗೆ ನನ್ನ ಮುಖದ ಮೇಲೆ, ಆ ಕಡೆ ಈ ಕಡೆ ಹೋಗದೆ. ಕೈ ತಾನಾಗಿ ಹಾಡು ಹಿಡಿಯಿತು, ಎರಡನೇ ಸಾಲಿನಲ್ಲಿ ತಪ್ಪಿತು. ಅವನು ಸರಿಪಡಿಸಿಕೊಳ್ಳಲಿಲ್ಲ, ನೋಡುವುದನ್ನೂ ಬಿಡಲಿಲ್ಲ.

ರೆಕಾರ್ಡಿಂಗ್‌ಗೆಂದು ಟೇಪು ಓಡಿಸಿದಾಗ, ಹಾಡುವ ಮೊದಲು ಎರಡು ಸೆಕೆಂಡ್ ಕಾದೆ. ಎಂದಿನಂತೆ ಅವಳು ನನ್ನ ಸಾಲನ್ನು ಮೊದಲೇ ಹಾಡುತ್ತಾಳೇನೋ ಎಂದು ಕಿವಿಗೊಟ್ಟೆ. ಕೇಳಿಸಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಅದರ ಬದಲು ಮನೆಯಿಂದ ಯಾರೋ ಹೇಳದೆ ಹೊರಟುಹೋದ ಹಾಗೆ ಬೇಸರವಾಯಿತು.

ಐದು ಹಾಡಿನ ಹೊತ್ತಿಗೆ ದನಿ ನಿಂತುಹೋಯಿತು. ಹನ್ನೆರಡನೇ ರೆಕಾರ್ಡಿಗೆ ಹಾಡಿರುವ ಮಗ್ಗುಲು ಒಂದೇ. ಇನ್ನೊಂದರಲ್ಲಿ ಬರೀ ವಾದ್ಯ. ಮ್ಯಾನೇಜರ್ ಹಣೆ ಚಚ್ಚಿಕೊಂಡರು, ಇದು ಹಳೆಯದರ ಥರ ಇಲ್ಲವೇ ಇಲ್ಲ ಎಂದರು. ಇಲ್ಲ ಎಂದು ಮಾವ ಒಪ್ಪಿಕೊಂಡರು.

ಮಾರನೇ ಬೆಳಿಗ್ಗೆ ಬಸ್ಸು ಹತ್ತಿದೆ. ಆರು ವಾರ ಆಗಲೇ ಶುರುವಾಗಿತ್ತು, ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು. ಮೇಷ್ಟ್ರು ಪೆಟ್ಟಿಗೆ ಎತ್ತಿಕೊಟ್ಟು "ಬರ್ತೀನಿ" ಎಂದ. ಯಾವಾಗ ಎಂದು ಹೇಳಲಿಲ್ಲ, ನಾನು ಕೇಳುವ ಹಾಗಿರಲಿಲ್ಲ.

ಚಿಕ್ಕಮ್ಮನ ಮನೆಯ ಮೌನದಲ್ಲಿ ಭಯವೆಲ್ಲ ಮರಳಿ ಬಂತು. ಅವನು ಕೊನೆಗೂ ನೋಡಿದ್ದು ನಿಜ. ಆದರೆ ನೋಡಿದ್ದು ಹಾಡುವಾಗ. ಕಿವಿಯಲ್ಲಿ ಬದುಕುವ ಮನುಷ್ಯ ಅವನು, ಒಬ್ಬಳ ದನಿಗೆ ಹನ್ನೊಂದು ವರ್ಷ, ಇನ್ನೊಬ್ಬಳದಕ್ಕೆ ಮೂರು. ದನಿಯೇ ಇಲ್ಲದ ನನ್ನನ್ನು ಏನು ಮಾಡಿಕೊಂಡಾನು? ದಿನ ಎಣಿಸಿದೆ. ಹತ್ತು, ಹನ್ನೆರಡು, ಹದಿನೈದು.

ಹದಿನಾರನೇ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಚಿಕ್ಕಮ್ಮ ತೆಗೆದಳು. ಅವನು ಹೆಗಲಿಗೊಂದು ಭಾರದ ಚೀಲ ಹಾಕಿಕೊಂಡು ನಿಂತಿದ್ದ.

"ರೆಕಾರ್ಡು ತಂದ್ರಾ? ಬನ್ನಿ ಬನ್ನಿ, ಈಗಲೇ ಹಾಕೋಣ" ಎಂದಳು ಚಿಕ್ಕಮ್ಮ.

"ರೆಕಾರ್ಡು ತಂದಿಲ್ಲ" ಎಂದ. "ಇವಳನ್ನ ನೋಡೋಕೆ ಬಂದೆ."

ಶೂ ಬಿಟ್ಟು ಒಳಗೆ ಬಂದು ನನ್ನೆದುರು ಕೂತ. ವಾರಕ್ಕೆ ಇಪ್ಪತ್ತು ಮಾತಾಡುತ್ತಿದ್ದವನು ಅವತ್ತು ಬಾಯಿಗೆ ಬೀಗವೇ ಇಲ್ಲದವನಂತೆ ಮಾತಾಡಿದ. ಲೌಂಜಿನ ಕಾರ್ಪೆಟ್ಟು ಕಿತ್ತದ್ದು, ಅದರಡಿ ಮಾವನ ಕಳೆದುಹೋದ ಕನ್ನಡಕ ಸಿಕ್ಕಿದ್ದು, ಭಾವ ಅತ್ತದ್ದು. ಅಕ್ಕನ ಕೊನೆಯ ತಿಂಗಳುಗಳು. ಊಟ ಸೇರದೆ ಅವಳಿಗೆ ಬರೀ ಊಟದ ಮಾತೇ ಬೇಕಿದ್ದದ್ದು. ಅವಳ ಬಗ್ಗೆ ನನ್ನ ಮುಂದೆ ಅವನು ಮಾತಾಡಿದ್ದು ಅದೇ ಮೊದಲು. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಅವಳು ಬದುಕಿದ್ದಾಗ ನನಗೆ ಪರಿಚಯವಿರಬೇಕಿತ್ತು ಎನಿಸಿತು.

ಮಾತು ನಿಂತಾಗ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು ಅವನತ್ತ ತಿರುಗಿಸಿದೆ: "ನನ್ನ ದನಿ ಬರದೇ ಹೋದರೆ?"

ಓದಿದ. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಜಿಪ್ ತೆಗೆದ. ಒಳಗೆ ನೋಟ್‌ಬುಕ್ಕುಗಳು, ಉದ್ದ ಗೆರೆಯ, ದಪ್ಪ ರಟ್ಟಿನವು. ಒಂದೊಂದಾಗಿ ತೆಗೆದು ಮೇಜಿನ ಮೇಲೆ ಜೋಡಿಸಿದ. ಒಂದು ಡಜನ್.

"ಜಗಳಗಂಟಿ ನೀನು. ಇವು ಸಾಲದಿದ್ರೆ ಇನ್ನೊಂದು ಡಜನ್ ತರ್ತೀನಿ" ಎಂದ. "ಈ ಜನ್ಮಕ್ಕೆ ಸಾಲೋವಷ್ಟು ತರ್ತೀನಿ. ನಂಗೆ ಓದೋಕೆ ಬರುತ್ತೆ."

ಅಳಬಾರದೆಂದು ಡಾಕ್ಟರು ಹೇಳಿದ್ದರು, ಗಂಟಲಿಗೆ ಒಳ್ಳೆಯದಲ್ಲವೆಂದು. ದನಿ ಮಾಡದೆ ಅತ್ತೆ. ಅವನು ಮೇಜಿನ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದ. ಪಟ್ಟಿ ಒತ್ತಿ ಒತ್ತಿ ಬೆರಳ ತುದಿಗಳು ಗಟ್ಟಿಯಾಗಿದ್ದವು. ಚಿಕ್ಕಮ್ಮ ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು.

ಎಡಗೈ ಅವನ ಕೈಯಲ್ಲೇ ಬಿಟ್ಟು, ಮೊದಲ ಪುಸ್ತಕದ ಮೊದಲ ಪುಟ ತೆರೆದು, ಬಲಗೈಯಲ್ಲಿ ಬರೆದೆ: "ಇವತ್ತು ಹೋಗಬೇಡ."

ಅವನು ಎರಡು ಸಲ ಓದಿದ. ಆಮೇಲೆ ಎದ್ದು ಹೋಗಿ, ಬಾಗಿಲ ಹೊರಗೆ ಬಿಟ್ಟಿದ್ದ ಶೂಗಳನ್ನು ಒಳಗೆ ತಂದಿಟ್ಟ.